ಕುಂಬಳಕಾಯಿಗೊಂದು ಮುಖ

ಚಿತ್ರ ಬರೆಯೋ ಗೆಳೆಯರಲ್ಲಿ ಒಬ್ಬನಿಗೆ ಕುದುರೆ ಒಲಿದಿತ್ತು, ಇನ್ನೊಬ್ಬನಿಗೆ ಬುದ್ಧ. ನನ್ನದೇ ಅನ್ನೋ ವಸ್ತು ಹುಡುಕ್ತಾ ನಾನು ಉತ್ತರಹಳ್ಳಿಯ ಬೀದಿಯೊಂದರಲ್ಲಿ ಬಣ್ಣ, ಕುಂಚ ಹರಡ್ಕೊಂಡು ಕೂತಿದ್ದೆ. ಎದುರಿಗೆ ಮನೆ ಕಟ್ಟಿಸ್ತಿದ್ದ ಯಜಮಾನರು ಬೂದುಗುಂಬಳಕಾಯಿ ತಂದು ನನ್ನ ಮಡಿಲಲ್ಲಿಟ್ಟರು.

"ಸಾರ್, ದೃಷ್ಟಿ ಆಗ್ದಂಗೆ ಒಂದು ರಾಕ್ಷಸನ ಮುಖ ಬರ್ಕೊಡಿ."

ದಪ್ಪ ಮೀಸೆ, ಉಬ್ಬುಗಣ್ಣು, ಕೋರೆಹಲ್ಲು ಬರೆದೆ. ಅವರ ಹೆಂಡತಿ ನೋಡಿ ಸೆರಗು ಬಾಯಿಗಿಟ್ಟು ನಕ್ಕರು. "ಅಯ್ಯೋ, ನಮ್ಮೆಜಮಾನ್ರೇ!"

ಎದುರಿಗೆ ನಿಂತಿದ್ದವರನ್ನೇ ನೋಡಿ ಬರೆದುಬಿಟ್ಟಿದ್ದೆ. ಯಜಮಾನರು ಕಾಯಿ ತಿರುಗಿಸಿ ನೋಡಿ, ಮೀಸೆ ತಿರುವಿದರು. "ಸಖತ್ತಾಗೈತೆ! ಬಾಗಿಲಿಗೇ ಕಟ್ಟೋಣ."

ಸಂಜೆಯೊಳಗೆ ಬೀದಿಯ ಹೆಂಗಸರೆಲ್ಲ ಕುಂಬಳಕಾಯಿ ಹಿಡ್ಕೊಂಡು ಬಂದರು, ಗಂಡಂದಿರನ್ನೂ ಕರ್ಕೊಂಡು. ನನ್ನ ವಸ್ತು ಸಿಕ್ಕಿಬಿಟ್ಟಿತ್ತು.

ಈಗ ನಮ್ಮ ಮನೆ ಬಾಗಿಲಲ್ಲೂ ಒಂದು ತೂಗ್ತಿದೆ. ನನ್ನನ್ನೇ ನೋಡಿ ಬರೆದವಳು ನನ್ನ ಹೆಂಡತಿ. ಕೋರೆಹಲ್ಲು ಬೇಕಾಗಲಿಲ್ಲವಂತೆ.