ಈರೇಗೌಡರ ಕೆಂಪು ಪಂಪು

ಕೆಂಪು ಎನಾಮಲ್ ಡಬ್ಬಿಯ ಮುಚ್ಚಳ ಎಬ್ಬಿಸಿದೊಡನೆ ನನಗೆ ಈರೇಗೌಡರು ನೆನಪಾಗುತ್ತಾರೆ. ಬೇರೆಯವರ ಹಿರಿಯರು ಊದುಬತ್ತಿಯ ವಾಸನೆಯಲ್ಲಿ ಬರಬಹುದು. ನಮ್ಮ ಗೌಡರು ಬರುವುದು ಬಣ್ಣದ ವಾಸನೆಯಲ್ಲೇ.

ತೊಂಬತ್ತರ ದಶಕದಲ್ಲಿ ಅವರು ಅಗ್ನಿಶಾಮಕ ಇಲಾಖೆಯಿಂದ ನಿವೃತ್ತರಾಗಿ, ಆಲ್ದೂರಿನ ಆಚೆ ನನ್ನ ತೋಟದ ಪಕ್ಕದ ಮನೆಗೆ ಬಂದರು. ಬಂದವರು ಕಾಫಿ ನೆಡಲಿಲ್ಲ, ಮೆಣಸು ಹಬ್ಬಿಸಲಿಲ್ಲ, ಸೌದೆ ಕೊಟ್ಟಿಗೆಯನ್ನು ಮ್ಯೂಸಿಯಂ ಮಾಡಿದರು! ಒಂದು ಹಿತ್ತಾಳೆ ಹೆಲ್ಮೆಟ್, ನಾಲ್ಕು ಮರಳಿನ ಬಕೆಟ್, ಒಂದು ಗಂಟೆ. ನಡುವೆ ಪಟ್ಟದಾನೆಯಂತೆ ಚಕ್ರದ ಮೇಲೊಂದು ಕೈಪಂಪು. ಎರಡು ಬದಿಗೆ ಇಬ್ಬಿಬ್ಬರು ನಿಂತು ಒತ್ತಬೇಕು. ಯಾವುದೋ ಎಸ್ಟೇಟಿನ ಗುಜರಿಯಲ್ಲಿ ಸಿಕ್ಕಿದ್ದಂತೆ. ಅದಕ್ಕೆ ಪ್ರತಿ ದೀಪಾವಳಿಗೂ ಹೊಸ ಬಣ್ಣ.

"ಬೆಂಕಿ ಆರಿಸೋರ ಮನೇಲಿ ಒಲೆ ಹಚ್ಚೋಕೆ ಸೌದೆ ಇಡಕ್ಕೆ ಜಾಗ ಇಲ್ಲ ಮಾರಾಯ" ಎಂದು ಅವರ ಹೆಂಡತಿ ಕಮಲಕ್ಕ ನನ್ನ ಹತ್ತಿರ ದೂರುತ್ತಿದ್ದರು.

ಗೋಡೆಯ ಮೇಲೆ ಪ್ರಪಂಚದ ಅಗ್ನಿಶಾಮಕ ಮ್ಯೂಸಿಯಂಗಳ ಚಿತ್ರಗಳು. ವಿಯೆನ್ನಾ, ಲಂಡನ್, ಟೋಕಿಯೋ ಎಂದು ಅವರು ಎಲ್ಲೆಡೆಗೆ ಕಾಗದ ಹಾಕುತ್ತಿದ್ದರು. ಇಂಗ್ಲಿಷಿನಲ್ಲಿ ಬರೆದುಕೊಡುವ ಕರ್ಮ ನನ್ನದು. ನನ್ನ ಇಂಗ್ಲಿಷಿಗೆ ಹೆದರಿಯೋ ಏನೋ, ಅವರೆಲ್ಲ ಬೇಗನೆ ಚಿತ್ರ ಕಳಿಸಿಬಿಡುತ್ತಿದ್ದರು.

"ಜಪಾನಿನೋರು ಹಿಂದೆ ನೀರು ನಂಬ್ತಿರ್ಲಿಲ್ಲ ಕಣೋ. ಬೆಂಕಿ ಬರೋ ದಾರೀಲಿದ್ದ ಮನೇನೇ ಕೆಡವಿ ಹಾಕ್ತಿದ್ರು" ಎನ್ನುವರು ಗೌಡರು.

"ಹಾಗಾದ್ರೆ ಅವ್ರು ನಮ್ಮ ಪಂಪು ನೋಡಿದ್ರೆ ನಗ್ತಾರೆ ಬಿಡಿ. ಇದು ಆರ್ಸಿದ ಒಂದು ಬೆಂಕಿ ತೋರ್ಸಿ ನೋಡಣ" ಎಂದು ನಾನು ಕೆಣಕುತ್ತಿದ್ದೆ. ಅವರ ಮುಖ ಸಣ್ಣದಾಗುತ್ತಿತ್ತು. ಒಂದೇ ಒಂದು ಸಲ ಆ ಪಂಪು ನಿಜವಾದ ಬೆಂಕಿಗೆ ನೀರು ಹಾಯಿಸಬೇಕು ಎಂಬುದು ಅವರ ಆಸೆ. ಅದು ಗೊತ್ತಿದ್ದೇ ಕೆಣಕುತ್ತಿದ್ದೆ.

ಆ ಆಸೆ ತೀರಿಸುವ ಮಹಾಕಾರ್ಯ ನನ್ನ ಕೈಯಿಂದಲೇ ಆಯಿತು. ಒಂದು ಫೆಬ್ರುವರಿಯ ಮಧ್ಯಾಹ್ನ, "ಗಾಳಿ ಇದೆ, ಬೇಡ್ವೋ" ಎಂದು ಅವರು ಬೇಲಿಯಾಚೆಯಿಂದ ಕೂಗುತ್ತಿದ್ದರೂ, ನಾನು ತರಗೆಲೆಯ ರಾಶಿಗೆ ಕಡ್ಡಿ ಗೀರಿದೆ. ಕಣ್ಣು ಮಿಟುಕಿಸುವುದರಲ್ಲಿ ಬೆಂಕಿ ಪಕ್ಕದ ಬ್ಯಾಣದ ಹುಲ್ಲುಗಾವಲಿಗೆ ಹಾರಿ, ನನ್ನ ಎಳೆ ಕಾಫಿಗಿಡಗಳತ್ತ ತಿರುಗಿತು. ಮೂರು ವರ್ಷ ನಾನೂ ನನ್ನ ಹೆಂಡತಿಯೂ ಕೊಡ ಹೊತ್ತು ಬೆಳೆಸಿದ ಗಿಡಗಳು, ಇನ್ನೂ ಒಂದು ಫಸಲು ಕಂಡಿರಲಿಲ್ಲ. "ಗೌಡ್ರೇ!" ಎಂದು ಕೂಗಿಕೊಂಡೆ.

ಗೌಡರು ಹೆಲ್ಮೆಟ್ ತೊಟ್ಟು, ಪಂಪನ್ನು ಆಳುಗಳಿಂದ ಎಳೆಸಿಕೊಂಡು ಬಂದರು. ಪೈಪಿನ ತುದಿ ನನ್ನ ತೋಟದ ನೀರಿನ ತೊಟ್ಟಿಗೆ ಬಿತ್ತು. "ಒತ್ರೋ!" ನಾಲ್ವರು ಒತ್ತಿದರು. ಹಿಡಿಗೆ ಜೋತುಬಿದ್ದರು. ಜಪ್ಪಯ್ಯ ಎಂದರೂ ಪಂಪು ಅಲುಗಲಿಲ್ಲ. ವರ್ಷವರ್ಷವೂ ಬಳಿದ ಬಣ್ಣ ಸಂದುಗೊಂದಿಗೆಲ್ಲ ಇಳಿದು ಕಲ್ಲಾಗಿತ್ತು.

ಗೌಡರು ಅರೆಕ್ಷಣ ಪಂಪನ್ನೇ ನೋಡಿದರು. ಆಮೇಲೆ ಹೆಲ್ಮೆಟ್ ಕಿತ್ತೆಸೆದು, ಹಸಿ ಕೊಂಬೆಯೊಂದನ್ನು ಮುರಿದುಕೊಂಡರು. "ಎಲ್ರೂ ಸೊಪ್ಪು ಹಿಡೀರಿ! ಎದುರಿಗೆ ಹೋಗ್ಬೇಡಿ, ಪಕ್ಕದಿಂದ ಬಡೀರಿ! ನೀನು ಮುಂದಿನ ಎರಡು ಸಾಲು ಗಿಡ ಕಡಿ!"

"ನನ್ನ ಗಿಡಾನಾ?"

"ಜಪಾನು ನೆನಪಿಲ್ವೇನೋ? ಕಡಿ!"

ಅಳುತ್ತಲೇ ಕಡಿದೆ. ಕಡಿದದ್ದನ್ನು ಎಳೆದು ಹಾಕಿ, ತರಗು ಗುಡಿಸಿ ನೆಲ ಬರಿದು ಮಾಡಿದೆವು. ಬೆಂಕಿ ಅಲ್ಲಿಗೆ ಬಂದು ನಿಂತಿತು. ಉಳಿದ ತೋಟ ಉಳಿಯಿತು. ನಾನು ಗೌಡರ ಕಾಲು ಹಿಡಿಯಲು ಹೋದರೆ ಅವರು ಪಂಪಿನ ಚಕ್ರಕ್ಕೆ ಒರಗಿ ಕೂತಿದ್ದರು, ಕಣ್ಣಲ್ಲಿ ನೀರು.

"ಇಷ್ಟು ವರ್ಷ ಬಣ್ಣ ಹೊಡ್ದೆ ಮಾರಾಯ. ಒಂದು ದಿನ ನೀರು ಕುಡಿಸ್ಲಿಲ್ಲ."

ಮರುದಿನದಿಂದ ನಾನು ಪಂಪಿನ ಸುದ್ದಿ ಎತ್ತಲಿಲ್ಲ. ಗೌಡರು ಮಾತ್ರ ನನ್ನನ್ನು ಬಿಡಲಿಲ್ಲ. ಒಂದೇ ವಾರದಲ್ಲಿ ಮ್ಯೂಸಿಯಮ್ಮಿಗೆ ಎರಡು ಹೊಸ ವಸ್ತುಗಳು ಸೇರಿದವು. ಮಸಿ ಹಿಡಿದ ಕೊಂಬೆಗೆ ಚೀಟಿ: "ಮಲೆನಾಡಿನ ಫೈರ್ ಇಂಜಿನ್." ಪಕ್ಕದಲ್ಲಿ ನನ್ನದೇ ಬೆಂಕಿಪೊಟ್ಟಣ, ಅದಕ್ಕೊಂದು ತಗಡಿನ ಫಲಕ: "ಬೆಂಕಿಯ ಮೂಲ. ಕೊಡುಗೆ: ಪಕ್ಕದ ತೋಟದ ಸಾಹುಕಾರರು."

"ತೆಗೀರಿ ಗೌಡ್ರೆ, ಮರ್ಯಾದೆ ಪ್ರಶ್ನೆ."

"ಹೆಸ್ರು ಬರ್ದಿಲ್ವಲ್ಲ?"

"ನಿಮ್ಮ ಪಕ್ಕ ಇರೋ ತೋಟ ನಂದೊಂದೇ!"

ಸಾಲದ್ದಕ್ಕೆ, ಇಂಥ ಕೊಂಬೆ ನಿಮ್ಮಲ್ಲಿ ಇದೆಯೇ ಎಂದು ಪ್ರಪಂಚದ ಮ್ಯೂಸಿಯಂಗಳಿಗೆಲ್ಲ ನನ್ನಿಂದಲೇ ಕಾಗದ ಬರೆಸಿದರು. ಬೆಂಕಿ ಹಚ್ಚಿದ್ದು ಯಾರೆಂದೂ ಬರೆಯಬೇಕಾಯಿತು. ಇಂಗ್ಲಿಷಿನಲ್ಲಿ ಅದು ಇನ್ನೂ ಕೆಟ್ಟದಾಗಿ ಕಂಡಿತು.

ಗೌಡರು ಹೋಗಿ ಬಹಳ ವರ್ಷವಾಯಿತು. ಕಮಲಕ್ಕ ಸಂಸೆಯಲ್ಲಿರುವ ಮಗಳ ಮನೆಗೆ ಹೊರಟಾಗ, "ಇದನ್ನೆಲ್ಲ ನೀನೇ ಇಟ್ಕೋ. ಇದಕ್ಕೆ ಹೆಸ್ರು ಬಂದಿದ್ದು ನಿನ್ನ ಬೆಂಕಿಪೊಟ್ಟಣದಿಂದ ತಾನೇ?" ಎಂದರು. ಹಾಗೆ ಮ್ಯೂಸಿಯಂ ನನ್ನ ಕಾಫಿ ಗೋಡೌನಿಗೆ ಬಂತು. ಪಂಪಿನ ಸಂದುಗಳ ಹಳೆ ಬಣ್ಣ ಕೆರೆದು ಬಿಡಿಸಿದ್ದು ನನ್ನ ಮೊದಲ ಕೆಲಸ.

ಈವತ್ತು ಮೊದಲು ಪಂಪಿಗೆ ಎರಡು ಕೊಡ ನೀರು ಕುಡಿಸಿ, ಹಿಡಿ ಆಡಿಸಿ, ಆಮೇಲೆ ಸಂದು ಬಿಟ್ಟು ಬಣ್ಣ ಹೊಡೆದೆ. ಬೆಂಕಿಪೊಟ್ಟಣದ ತಗಡಿನ ಫಲಕದ ಅಕ್ಷರ ಮಸುಕಾಗಿತ್ತು. ಒರೆಸಿಬಿಟ್ಟರೆ ಕೇಳುವವರು ಯಾರೂ ಇಲ್ಲ. ಕುಂಚದಲ್ಲಿ ಇನ್ನಷ್ಟು ಬಣ್ಣ ಉಳಿದಿತ್ತು. "ಪಕ್ಕದ ತೋಟದ ಸಾಹುಕಾರರು" ಎಂಬುದನ್ನು ಹೊಡೆದುಹಾಕಿ, ಅಲ್ಲಿ ನನ್ನ ಹೆಸರು ಬರೆದೆ, ಇನಿಷಿಯಲ್ ಸಮೇತ.