ಗ್ರಾಂ ಭಾವನ ಮೋಟು ಚಮಚ

ಹೆಂಡತಿಯ ತಮ್ಮಂದಿರು ಗ್ರಾಂ ಭಾವ ಎಂದು ಹೆಸರಿಟ್ಟಿರುವ ಈ ಮಹಾಶಯರು ನಾಲ್ಕೈದು ದಿನದ ಚಾರಣಕ್ಕೆ ಪಾತ್ರೆ ಕೊಳ್ಳಲು ಬಂದರೆಂದರೆ ಅಂಗಡಿಯವನ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ. ಜೇಬಿನಿಂದ ಪುಟ್ಟ ತಕ್ಕಡಿ ತೆಗೆದು ಒಂದೊಂದನ್ನೂ ತೂಗಿ, "ಹಿಡಿ ಬಿಚ್ಚಿ ಕೊಡಿ, ಮುಚ್ಚಳ ನೀವೇ ಇಟ್ಕೊಳ್ಳಿ" ಎನ್ನುತ್ತಾರೆ. ಮನೆಯ ಚಮಚವನ್ನಂತೂ ಗರಗಸದಿಂದ ಎಷ್ಟು ಮೋಟು ಮಾಡಿದ್ದಾರೆಂದರೆ, ಕುದಿಯುವ ಪಾತ್ರೆ ಕಲಕಿದರೆ ಜೊತೆಗೆ ಬೆರಳೂ ಬೇಯುತ್ತದೆ. "ಬೆಟ್ಟ ಹತ್ತುವಾಗ ಒಂದೊಂದು ಗ್ರಾಂ ಕೂಡ ಕತ್ತೆ ಭಾರ ಕಣೇ" ಎಂದು ಮಂಡಿನೋವಿನ ಹೆಂಡತಿಗೆ ಉಪದೇಶ ಬೇರೆ. ಏರು ಶುರುವಾಗುವ ಮುನ್ನ ಆಕೆ ಮುಖ ತೊಳೆಯಲು ಹೋದಾಗ, ಆಕೆಯ ಚೀಲದ ಒಲೆ, ಗ್ಯಾಸ್ ಡಬ್ಬಿ, ಅಕ್ಕಿ ಎಲ್ಲ ಕಳ್ಳತನದಲ್ಲಿ ಇವರ ಚೀಲ ಸೇರುತ್ತವೆ. ಆಕೆ ಬೇಕೆಂದೇ ತಡಮಾಡಿ ಬಂದು, ಹೂವಿನಷ್ಟು ಹಗುರಾದ ಚೀಲವನ್ನು ಬೆನ್ನಿಗೇರಿಸಿ, ಪ್ರತಿ ಸಲದಂತೆ ಹೇಳುತ್ತಾಳೆ: "ನೋಡಿ, ಚಮಚ ಕುಯ್ದಿದ್ದು ಎಷ್ಟು ಒಳ್ಳೇದಾಯ್ತು."