ಮನೆಗಾಡಿಯ ಹಿಂಗಣ್ಣು

ಕೇಳ್ರಮ್ಮ, ಮೊಮ್ಮಗ ಮಾದೇವ ಇವತ್ತು ಮಂಚ, ಒಲೆ ಎಲ್ಲ ಇರುವ ಮನೆಗಾಡಿಯನ್ನು ಕ್ಯಾತನಹಳ್ಳಿಗೆ ತಂದ. ಹಿಂದಕ್ಕೆ ತೆಗೆಯುವಾಗ ನೋಡಲು ಕ್ಯಾಮೆರಾ ಬೇಕೋ, ಅಡ್ಡ ಸಿಕ್ಕಿದ್ದಕ್ಕೆ ಕೂಗುವ ಸೆನ್ಸರು ಬೇಕೋ ತಿಳಿಯಲು ಎರಡನ್ನೂ ಹಾಕಿಸಿದ್ದ. ನಾನೂ ಪಕ್ಕದಲ್ಲಿ ಕೂತೆ. ಗಾಡಿಯನ್ನು ಕೊಟ್ಟಿಗೆ ಕಡೆಗೆ ಹಿಂದಕ್ಕೆ ತೆಗೆದಾಗ ಮುಂದಿದ್ದ ಪುಟ್ಟ ಟಿವಿಯಲ್ಲಿ ನಮ್ಮ ಎಮ್ಮೆ ಕಂಡಿತು. ಹತ್ತಿರ ಹೋದರೆ ಸೆನ್ಸರು ಕೀಂ ಕೀಂ ಎಂದಿತು.

“ಎರಡೂ ವಾಸಿ ಕಣ್ಲಾ. ಕೊಟ್ಟಿಗೆಗೆ ಮೊನ್ನೆ ತಾನೆ ಎಂಚು ಆಕ್ಸಿವ್ನಿ, ಸೂರು ನೋಡೋದು ಯಾವ್ದ್ಲಾ?” ಎಂದೆ.

“ಸುಮ್ಕೆ ಕೂತ್ಕಳಜ್ಜಿ, ಇದು ಫಾರಿನ್ ಮಾಲು.”

ಎಮ್ಮೆಯನ್ನು ಅತ್ತ ಕಟ್ಟಿ ಮತ್ತೆ ಹಿಂದಕ್ಕೆ ತೆಗೆದ. ಟಿವಿಯಲ್ಲಿ ಖಾಲಿ ನೆಲ, ಸೆನ್ಸರೂ ಮೌನ. ಗಾಡಿಯ ನೆತ್ತಿ ಸೂರಿಗೆ ಗುದ್ದಿ ಹೆಂಚು ದಡದಡ ಉದುರಿದವು.

ಈಗ ಅವನೇ ಮೇಲೆ ಹತ್ತಿ ಹೆಂಚು ಜೋಡಿಸುತ್ತಿದ್ದಾನೆ. “ಕ್ಯಾಮೆರಾನೋ ಸೆನ್ಸರೋ?” ಎಂದು ಕೆಳಗಿನಿಂದ ಕೇಳಿದೆ.

“ಮೊದ್ಲು ಏಣಿ ಇಡ್ಕಳಜ್ಜಿ” ಅಂದ.